ಮೂಳೆ ಕಟ್ಟುವ ಕೋಶ, ಜೀನಿನ ಅಳತೆ



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಆ ಶಾಖೆಯ ಹೊರಗಿನವರಿಗೂ ತಿಳಿಯುವ ಹಾಗೆ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ಒಪ್ಪುವಂತೆ ಇಂದು ಮೂಳೆಯ ವಿಷಯವನ್ನು ಆಯ್ದುಕೊಂಡಿದ್ದೇನೆ. ಗರ್ಭದಲ್ಲಿ ಒಂದೇ ಬಗೆಯಾಗಿ ಕಾಣುವ ಕೋಶಗಳ ನಡುವೆ ಕೆಲವು ಮಾತ್ರ ಮೂಳೆ ಕಟ್ಟುವ ಕೋಶಗಳಾಗುತ್ತವಲ್ಲ, ಅದು ಯಾರ ಅಪ್ಪಣೆಯಿಂದ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಜೆರಾರ್ ಕಾರ್ಸೆಂಟಿ ಪ್ರಮುಖರು. ಫ್ರಾನ್ಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಅಣುಜೀವವಿಜ್ಞಾನಿಯಾಗಿ ಹೆಸರು ಮಾಡಿ, ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದವರು. ಅವರ ಕೆಲಸವನ್ನು ನಡುವೆ ಇಟ್ಟುಕೊಂಡು, ಅದರ ಅಕ್ಕಪಕ್ಕ ನಡೆದ ಬೇರೆಯವರ ಕೆಲಸವನ್ನೂ ಹೇಳುತ್ತೇನೆ.

ಮೊದಲಿಗೆ ಮೂಳೆಯ ಕೋಶಗಳನ್ನೂ ಜೀನುಗಳ ನಿಯಂತ್ರಣವನ್ನೂ ಪರಿಚಯಿಸುತ್ತೇನೆ. ಆಮೇಲೆ 1997ರಲ್ಲಿ ರಂಕ್ಸ್-2 ಎಂಬ ಜೀನಿನ ಕೆಲಸ ಹೇಗೆ ಬಯಲಾಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವವನಿದ್ದೇನೆ. ಅಲ್ಲಿಂದ ನೆದರ್ಲೆಂಡ್ಸಿನ ಒಂದು ಮೀನುಗಾರರ ಊರಿಗೆ ಹೋಗೋಣ. ಕೊನೆಗೆ ಮೂಳೆ ಹಾರ್ಮೋನನ್ನು ಸ್ರವಿಸುತ್ತದೆಯೇ ಎಂಬ, ಇನ್ನೂ ಮುಗಿಯದ ವಿವಾದವನ್ನು ಮುಟ್ಟಿ, ನಮ್ಮ ಸಾಗರ ತಾಲ್ಲೂಕಿಗೆ ಬಂದು ಮಾತು ಮುಗಿಸುತ್ತೇನೆ. ಈ ಎಲ್ಲದರ ಒಳಗೆ ಒಂದೇ ಮಾತು ಹರಿಯುತ್ತದೆ. ಜೀನು ಇದೆಯೇ ಇಲ್ಲವೇ ಎಂದು ಕೇಳಿ ನಿಂತರೆ ಸಾಲದು. ಅದು ಎಷ್ಟು ಕೆಲಸ ಮಾಡುತ್ತಿದೆ, ಯಾವಾಗ, ಎಲ್ಲಿ ಎಂದು ಕೇಳಬೇಕು. ಮೂಳೆಯ ಮಟ್ಟಿಗೆ ಎಲ್ಲವೂ ಅಳತೆಯ ಪ್ರಶ್ನೆ.

ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿರುವ ಅಸ್ಥಿಪಂಜರವನ್ನು ನೋಡಿ ಬೆಳೆದ ನಮಗೆ ಮೂಳೆ ಎಂದರೆ ಸತ್ತ, ಒಣಗಿದ ವಸ್ತು ಎಂಬ ಭಾವನೆ ಬೇರೂರಿದೆ. ಪಾಠ ಹೇಳುವವರು ಮೊದಲು ತಿದ್ದಬೇಕಾದದ್ದು ಇದನ್ನು. ಜೀವಂತ ದೇಹದಲ್ಲಿ ಮೂಳೆ ದಿನವೂ ಕರಗುತ್ತದೆ, ದಿನವೂ ಕಟ್ಟಲ್ಪಡುತ್ತದೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಭಾಗ ವರ್ಷವೊಂದರಲ್ಲಿ ಹೊಸದಾಗುತ್ತದೆ. ಕರಗಿಸುವ ಕೋಶಗಳ ಹೆಸರು ಆಸ್ಟಿಯೋಕ್ಲಾಸ್ಟ್. ಇವು ರಕ್ತಕಣಗಳ ವಂಶದಿಂದ ಬಂದವು. ಕಟ್ಟುವ ಕೋಶಗಳು ಆಸ್ಟಿಯೋಬ್ಲಾಸ್ಟ್. ಇವುಗಳ ಮೂಲವೇ ಬೇರೆ: ಮೃದ್ವಸ್ಥಿ, ಕೊಬ್ಬು ಮುಂತಾದ ಅಂಗಾಂಶಗಳ ಕೋಶಗಳನ್ನೂ ಕೊಡಬಲ್ಲ ಮೂಲಕೋಶಗಳಿಂದ ಇವು ಹುಟ್ಟುತ್ತವೆ. ಆಸ್ಟಿಯೋಬ್ಲಾಸ್ಟುಗಳು ಮೊದಲು ಕೊಲಾಜೆನ್ ಎಂಬ ಪ್ರೋಟೀನಿನ ನಾರನ್ನು ಹಾಸುತ್ತವೆ, ಆ ನಾರಿನ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಕೂರುವಂತೆ ಮಾಡುತ್ತವೆ. ಕೆಲಸ ಮುಗಿದಾಗ ಕೆಲವು ತಾವು ಕಟ್ಟಿದ ಗೋಡೆಯೊಳಗೇ ಹೂತುಹೋಗಿ ಆಸ್ಟಿಯೋಸೈಟ್ ಎಂಬ ಹೆಸರು ಪಡೆಯುತ್ತವೆ. ಹೂತುಹೋದವು ಸುಮ್ಮನಿರುವುದಿಲ್ಲ, ಇವುಗಳ ಮಾತು ಮುಂದೆ ಬರುತ್ತದೆ.

ಮೂಳೆ ಎರಡು ದಾರಿಯಲ್ಲಿ ಹುಟ್ಟುತ್ತದೆ. ಕೈಕಾಲಿನ ಉದ್ದ ಮೂಳೆಗಳು ಮೊದಲು ಮೃದ್ವಸ್ಥಿಯ ಅಚ್ಚಾಗಿ ರೂಪುಗೊಂಡು, ಆಮೇಲೆ ಮೂಳೆಯಾಗುತ್ತವೆ. ತಲೆಬುರುಡೆಯ ಚಪ್ಪಟೆ ಮೂಳೆಗಳಿಗೆ ಈ ನಡುವಿನ ಹಂತವಿಲ್ಲ; ಪೊರೆಯಂಥ ಅಂಗಾಂಶದಲ್ಲಿ ನೇರವಾಗಿ ಮೂಳೆ ಕಟ್ಟಿಕೊಳ್ಳುತ್ತದೆ. ಕೂಸಿಗೆ ಎಣ್ಣೆ ನೀರು ಹಾಕುವ ಅಜ್ಜಿಯರು ನೆತ್ತಿಯ ಮೇಲೆ ಅಂಗೈಯನ್ನು ಹಗುರವಾಗಿ ಆಡಿಸುತ್ತಾರಲ್ಲ, ಆ ಮೆತ್ತನೆಯ ಜಾಗ ಬುರುಡೆಯ ಮೂಳೆಗಳು ಇನ್ನೂ ಬಂದು ಸೇರದೆ ಉಳಿದ ಜಾಗ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದೊಳಗೆ ಅದು ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳದೆ ಹೋದರೆ? ಈ ಪ್ರಶ್ನೆ ನಮ್ಮ ಕಥೆಯ ಕೀಲಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಬರುತ್ತೇನೆ.

ಈಗ ಜೀನುಗಳ ನಿಯಂತ್ರಣ. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇರುವ ಡಿಎನ್‌ಎ ಒಂದೇ. ಅದರಲ್ಲಿ ಪ್ರೋಟೀನುಗಳನ್ನು ಬರೆಯುವ ಜೀನುಗಳು ಸುಮಾರು 20,000. ಮೂಳೆಯ ಕೋಶದಲ್ಲಿರುವ ಜೀನುಗಳೇ ಕಣ್ಣಿನ ಕೋಶದಲ್ಲೂ ಇವೆ. ವ್ಯತ್ಯಾಸವಿರುವುದು ಯಾವುದನ್ನು ಓದಲಾಗುತ್ತಿದೆ ಎಂಬುದರಲ್ಲಿ. 1961ರಲ್ಲಿ ಪ್ಯಾರಿಸ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಅವರು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಿ, ಒಂದು ಜೀನಿನ ಓದನ್ನು ಇನ್ನೊಂದು ಜೀನಿನ ಉತ್ಪನ್ನ ತಡೆಯಬಲ್ಲದು ಎಂದು ತೋರಿಸಿದರು. ನಾಲ್ಕು ವರ್ಷಗಳ ನಂತರ ಅದಕ್ಕೆ ನೊಬೆಲ್ ಬಂತು. ಜೀನಿನ ಪಕ್ಕದಲ್ಲೋ ದೂರದಲ್ಲೋ ಇರುವ ಡಿಎನ್‌ಎಯ ಪುಟ್ಟ ತುಣುಕುಗಳಿಗೆ ನಿಯಂತ್ರಕ ಪ್ರೋಟೀನುಗಳು ಬಂದು ಅಂಟಿಕೊಂಡಾಗ ಆ ಜೀನಿನ ಓದು ಹೆಚ್ಚುತ್ತದೆ ಅಥವಾ ಕಡಿಮೆಯಾಗುತ್ತದೆ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ತೂಬಿನ ಕೆಲಸ ನೀರು ಬಿಡುವುದು, ನಿಲ್ಲಿಸುವುದು ಎಂಬ ಎರಡಕ್ಕೇ ಮುಗಿಯುವುದಿಲ್ಲ. ನೀರುಗಂಟಿ ಅದನ್ನು ಎಷ್ಟು ಎತ್ತುತ್ತಾನೆ ಎಂಬುದರ ಮೇಲೆ ಕೊನೆಯ ಗದ್ದೆಯ ಪೈರು ನಿಂತಿರುತ್ತದೆ.

1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ಅಮೆರಿಕದ ಪ್ರಯೋಗಾಲಯದಿಂದ ಒಂದು ಬೆರಗಿನ ಸುದ್ದಿ ಬಂತು. ಮಯೋ-ಡಿ ಎಂಬ ಒಂದೇ ಒಂದು ನಿಯಂತ್ರಕ ಜೀನನ್ನು ಚರ್ಮದಡಿಯ ನಾರುಕೋಶಗಳಂಥವುಗಳೊಳಗೆ ಸೇರಿಸಿದರೆ ಅವು ಸ್ನಾಯುಕೋಶಗಳಾಗಿ ಮಾರ್ಪಡುತ್ತವೆ. ಸ್ನಾಯುವಿಗೆ ಇಂಥದೊಂದು ಮುಖ್ಯ ನಿಯಂತ್ರಕ ಇದೆ ಎಂದಾದರೆ ಮೂಳೆಗೂ ಇರಬೇಕಲ್ಲವೇ? ಹತ್ತು ವರ್ಷ ಅದು ಯಾರ ಕೈಗೂ ಸಿಗಲಿಲ್ಲ. ಅಲ್ಲಿಂದ ನನ್ನ ಎರಡನೆಯ ಭಾಗ ಆರಂಭವಾಗುತ್ತದೆ.

ಕಾರ್ಸೆಂಟಿ ಹಿಡಿದ ದಾರಿಯ ಜಾಣ್ಮೆ ಪ್ರಶ್ನೆಯನ್ನು ಆಯ್ದುಕೊಂಡದ್ದರಲ್ಲಿದೆ. ಮೂಳೆಯಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು ಕೊಲಾಜೆನ್. ಆದರೆ ಅದೇ ಕೊಲಾಜೆನನ್ನು ಚರ್ಮದ ಕೋಶವೂ ತಯಾರಿಸುತ್ತದೆ, ಸ್ನಾಯುರಜ್ಜುವಿನ ಕೋಶವೂ ತಯಾರಿಸುತ್ತದೆ. ಅದರ ಜೀನನ್ನು ಹಿಂಬಾಲಿಸಿದರೆ ಮೂಳೆಗೇ ಮೀಸಲಾದ ನಿಯಂತ್ರಕ ಸಿಗಲಾರದು. ಅವರು ಆಸ್ಟಿಯೋಕ್ಯಾಲ್ಸಿನ್ ಎಂಬ ಸಣ್ಣ ಪ್ರೋಟೀನನ್ನು ಹಿಡಿದರು. ಅದು ಮೂಳೆಯಲ್ಲಿದೆ ಎಂದು 1970ರ ದಶಕದಲ್ಲಿ ಪೀಟರ್ ಹೌಷ್ಕಾ ಮತ್ತು ಪಾಲ್ ಪ್ರೈಸ್ ಅವರು ಬೇರೆ ಬೇರೆಯಾಗಿ ತೋರಿಸಿಕೊಟ್ಟಿದ್ದರು. ಆಸ್ಟಿಯೋಕ್ಯಾಲ್ಸಿನನ್ನು ತಯಾರಿಸುವುದು ಬಹುಮಟ್ಟಿಗೆ ಆಸ್ಟಿಯೋಬ್ಲಾಸ್ಟ್ ಮಾತ್ರ. ಹಾಗಾದರೆ ಆ ಜೀನಿನ ಪಕ್ಕದಲ್ಲಿ, ಆಸ್ಟಿಯೋಬ್ಲಾಸ್ಟಿನಲ್ಲಿ ಮಾತ್ರ ಕೈಗೆ ಸಿಗುವ ಏನೋ ಒಂದು ಬಂದು ಅಂಟಿಕೊಳ್ಳುತ್ತಿರಬೇಕು.

ಕಾರ್ಸೆಂಟಿ ಮತ್ತು ಅವರ ಸಹೋದ್ಯೋಗಿ ಪ್ಯಾಟ್ರಿಷಿಯಾ ಡ್ಯೂಸಿ ಇಲಿಯ ಆಸ್ಟಿಯೋಕ್ಯಾಲ್ಸಿನ್ ಜೀನಿನ ಮುಂದಿರುವ ಡಿಎನ್‌ಎಯನ್ನು ತುಂಡು ತುಂಡಾಗಿ ಕತ್ತರಿಸಿ, ಯಾವ ತುಂಡು ಇದ್ದರೆ ಆಸ್ಟಿಯೋಬ್ಲಾಸ್ಟಿನಲ್ಲಿ ಓದು ನಡೆಯುತ್ತದೆ, ಯಾವುದನ್ನು ತೆಗೆದರೆ ನಿಲ್ಲುತ್ತದೆ ಎಂದು ಪರೀಕ್ಷಿಸುತ್ತಾ ಹೋದರು. ಸುಮಾರು 150 ಅಕ್ಷರಗಳಷ್ಟು ಡಿಎನ್‌ಎ ಸಾಕು ಎಂದಾಯಿತು. ಅದರೊಳಗೂ ಎರಡು ಪುಟ್ಟ ತಾಣಗಳು ಮುಖ್ಯ ಎಂದು 1995ರಲ್ಲಿ ಪ್ರಕಟಿಸಿದರು. ಎರಡನೆಯ ತಾಣದಲ್ಲಿ ಎ-ಸಿ-ಸಿ-ಎ-ಸಿ-ಎ ಎಂಬ ಆರು ಅಕ್ಷರಗಳ ಸಾಲೊಂದಿತ್ತು. ಈ ಸಾಲು ವಿಜ್ಞಾನಕ್ಕೆ ಹೊಸದಾಗಿರಲಿಲ್ಲ. ಹಣ್ಣುನೊಣದ ಭ್ರೂಣದಲ್ಲಿ ರಂಟ್ ಎಂಬ ಜೀನು ಕೆಟ್ಟರೆ ಮರಿಹುಳುವಿನ ದೇಹಖಂಡಗಳ ಜೋಡಣೆ ತಪ್ಪುತ್ತದೆ ಎಂಬುದು 1980ರ ಹೊತ್ತಿಗೇ ತಿಳಿದಿತ್ತು. ಮನುಷ್ಯರಲ್ಲಿ ಅದರ ನೆಂಟ ಜೀನೊಂದು ಕೆಟ್ಟು ರಕ್ತದ ಕ್ಯಾನ್ಸರ್ ಬರುವುದೂ ತಿಳಿದಿತ್ತು. ಈ ಕುಟುಂಬದ ಪ್ರೋಟೀನುಗಳು ಅಂಟಿಕೊಳ್ಳುವುದು ಇದೇ ಆರು ಅಕ್ಷರಗಳ ಸಾಲಿಗೆ. ನೊಣದ ದೇಹಖಂಡ, ಮನುಷ್ಯನ ರಕ್ತ, ಇಲಿಯ ಮೂಳೆ: ಒಂದಕ್ಕೊಂದು ಸಂಬಂಧವಿಲ್ಲವೆನಿಸುವ ಮೂರು ಪ್ರಯೋಗಾಲಯಗಳ ದಾರಿಗಳು ಆರು ಅಕ್ಷರಗಳ ಮೇಲೆ ಬಂದು ಕೂಡಿದವು. ಜೀವವಿಜ್ಞಾನದ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆ ಕುಟುಂಬದ ಒಬ್ಬ ಸದಸ್ಯ ಆಸ್ಟಿಯೋಬ್ಲಾಸ್ಟಿನಲ್ಲಿದ್ದ. ಆಗ ಅದಕ್ಕೆ ಸಿಬಿಎಫ್‌ಎ-1 ಎಂದೂ ಇನ್ನೂ ಒಂದೆರಡು ಹೆಸರುಗಳಿಂದಲೂ ಕರೆಯುತ್ತಿದ್ದರು. ಈಗ ಎಲ್ಲರೂ ಒಪ್ಪಿರುವ ಹೆಸರು ರಂಕ್ಸ್-2. ಆಸ್ಟಿಯೋಬ್ಲಾಸ್ಟ್ ಅಲ್ಲದ ಕೋಶಕ್ಕೆ ಈ ಜೀನನ್ನು ಸೇರಿಸಿದಾಗ ಅದು ಆಸ್ಟಿಯೋಕ್ಯಾಲ್ಸಿನ್ ಮುಂತಾದ ಮೂಳೆಯ ಪ್ರೋಟೀನುಗಳನ್ನು ತಯಾರಿಸತೊಡಗಿತು. 1997ರ ಮೇ ತಿಂಗಳ ಕೊನೆಯಲ್ಲಿ ‘ಸೆಲ್’ ನಿಯತಕಾಲಿಕದ ಒಂದೇ ಸಂಚಿಕೆಯಲ್ಲಿ ಈ ಜೀನಿನ ಬಗ್ಗೆ ನಾಲ್ಕು ಪ್ರಬಂಧಗಳು ಒಟ್ಟಿಗೆ ಬಂದವು. ಒಂದು ಕಾರ್ಸೆಂಟಿ ಅವರ ತಂಡದ್ದು. ಎರಡನೆಯದು ಜಪಾನಿನ ಒಸಾಕಾದ ತೋಷಿಹಿಸಾ ಕೊಮೊರಿ ಮತ್ತು ಸಂಗಡಿಗರದ್ದು. ಮೂರನೆಯದು ಲಂಡನ್ನಿನ ಮೈಕೆಲ್ ಓವನ್ ಅವರ ತಂಡದ್ದು. ನಾಲ್ಕನೆಯದು ಸ್ಟೆಫಾನ್ ಮುಂಡ್ಲೋಸ್, ಬ್ಯೋರ್ನ್ ಓಲ್ಸೆನ್ ಮುಂತಾದವರದ್ದು. ಅದು ಇಲಿಯನ್ನು ಬಿಟ್ಟು ಮನುಷ್ಯರ ಕುಟುಂಬಗಳನ್ನು ಹಿಡಿದಿತ್ತು.

ಕೊಮೊರಿ ಅವರ ತಂಡ ಮಾಡಿದ್ದು ಇಲಿಯಲ್ಲಿ ಈ ಜೀನಿನ ಎರಡೂ ಪ್ರತಿಗಳನ್ನು ನಿಷ್ಕ್ರಿಯಗೊಳಿಸುವ ಕೆಲಸ. ಈ ಜೀನು ರೋಗನಿರೋಧಕ ಟಿ ಕೋಶಗಳಲ್ಲಿ ಮೊದಲು ಕಾಣಿಸಿಕೊಂಡಿದ್ದರಿಂದ ಆ ಕೋಶಗಳಲ್ಲಿ ದೋಷ ಕಂಡೀತು ಎಂಬ ನಿರೀಕ್ಷೆಯಿತ್ತು. ಮರಿಗಳು ಗರ್ಭದಲ್ಲಿ ಪೂರ್ತಿ ಬೆಳೆದು ಹುಟ್ಟಿದವು. ಹುಟ್ಟಿದ ಕೂಡಲೇ ಉಸಿರಾಡಲಾಗದೆ ಸತ್ತವು. ಮೂಳೆಗೆ ಕೆಂಪು, ಮೃದ್ವಸ್ಥಿಗೆ ನೀಲಿ ಬಣ್ಣ ಹಿಡಿಸುವ ವಿಧಾನದಿಂದ ನೋಡಿದಾಗ ಅಸ್ಥಿಪಂಜರದ ಆಕಾರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕೆಂಪು ಮಾತ್ರ ಬಹುಮಟ್ಟಿಗೆ ಇರಲಿಲ್ಲ. ಇಡೀ ಅಸ್ಥಿಪಂಜರ ಮೃದ್ವಸ್ಥಿಯದು. ಪಕ್ಕೆಲುಬು ಮೂಳೆಯಾಗದೆ ಇದ್ದುದರಿಂದ ಎದೆಗೂಡು ಉಸಿರನ್ನು ಸೆಳೆಯಲಾಗದೆ ಹೋಗಿತ್ತು. ಬುರುಡೆಯ ಮೇಲ್ಭಾಗದಲ್ಲಿ ಮೃದ್ವಸ್ಥಿಯ ಅಚ್ಚೂ ಇಲ್ಲದ್ದರಿಂದ ಅಲ್ಲಿ ಪೊರೆಯಷ್ಟೇ ಉಳಿದಿತ್ತು. ಮೂಳೆ ಕಟ್ಟುವ ಪ್ರೌಢ ಕೋಶ ಆ ದೇಹದಲ್ಲೆಲ್ಲೂ ಇರಲಿಲ್ಲ. ಐದು ವರ್ಷದ ನಂತರ, 2002ರಲ್ಲಿ, ಹ್ಯೂಸ್ಟನ್ನಿನ ಬೆನ್ವಾ ದ ಕ್ರೊಂಬ್ರೂಗ್ ಅವರ ತಂಡ ಆಸ್ಟೆರಿಕ್ಸ್ ಎಂಬ ಎರಡನೆಯ ನಿಯಂತ್ರಕವನ್ನು ಗುರುತಿಸಿತು. ಅದಿಲ್ಲದ ಇಲಿಗೂ ಮೂಳೆ ಇಲ್ಲ. ಆದರೆ ಅದರಲ್ಲಿ ರಂಕ್ಸ್-2 ಇರುತ್ತದೆ. ರಂಕ್ಸ್-2 ಇಲ್ಲದ ಇಲಿಯಲ್ಲಿ ಆಸ್ಟೆರಿಕ್ಸ್ ಇರುವುದಿಲ್ಲ. ಅಪ್ಪಣೆ ಯಾರಿಂದ ಯಾರಿಗೆ ಇಳಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಇನ್ನು ನಾಲ್ಕನೆಯ ಪ್ರಬಂಧ. ಹಿಂದೆ ನೆತ್ತಿಯ ವಿಷಯದಲ್ಲಿ ಒಂದು ಪ್ರಶ್ನೆ ಎತ್ತಿದ್ದೆ. 1898ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಪಿಯೆರ್ ಮರಿ ಮತ್ತು ಪಾಲ್ ಸ್ಯಾಂಟನ್ ಒಂದು ವಂಶಪಾರಂಪರ್ಯ ಸ್ಥಿತಿಗೆ ಹೆಸರಿಟ್ಟಿದ್ದರು. ಅದಿರುವವರಿಗೆ ಕೊರಳೆಲುಬು ಇರುವುದಿಲ್ಲ ಅಥವಾ ಅರ್ಧಂಬರ್ಧ ಇರುತ್ತದೆ. ಎರಡು ಹೆಗಲುಗಳನ್ನೂ ಎದೆಯ ಮುಂದಕ್ಕೆ ತಂದು ಒಂದಕ್ಕೊಂದು ತಾಗಿಸಬಲ್ಲರು. ನೆತ್ತಿ ಬಹಳ ತಡವಾಗಿ ಮುಚ್ಚುತ್ತದೆ, ಕೆಲವರಲ್ಲಿ ಮುಚ್ಚುವುದೇ ಇಲ್ಲ. ಹಣೆ ಅಗಲ, ಎತ್ತರ ಕಡಿಮೆ. ವಸಡಿನೊಳಗೆ ಹೆಚ್ಚುವರಿ ಹಲ್ಲುಗಳು ಸಿಕ್ಕಿಕೊಂಡಿರುತ್ತವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬಂದು ನೆಲೆಸಿದ ಚೀನಾ ಮೂಲದ ಒಬ್ಬ ವ್ಯಕ್ತಿಯಿಂದ ಇದು ದೊಡ್ಡ ವಂಶವೊಂದರಲ್ಲಿ ಹರಡಿತ್ತು. 1951ರಲ್ಲಿ ಅಲ್ಲಿನ ವೈದ್ಯ ಜ್ಯಾಕ್ಸನ್ ಆತನ 356 ವಂಶಜರನ್ನು ಪತ್ತೆ ಹಚ್ಚಿ, ಅವರಲ್ಲಿ 70 ಮಂದಿಗೆ ಇದು ಇದೆಯೆಂದು ದಾಖಲಿಸಿದರು. ಈ ಸ್ಥಿತಿಯ ಕಾರಣವೇ ರಂಕ್ಸ್-2. ಆರನೆಯ ವರ್ಣತಂತುವಿನ ಮೇಲಿರುವ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ, ಒಂದು ಸರಿಯಿರುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡೂ ಪ್ರತಿ ಇಲ್ಲದಿದ್ದರೆ ಮೂಳೆಯೇ ಇಲ್ಲ. ಒಂದು ಪ್ರತಿ ಇದ್ದರೆ ತೊಡೆಮೂಳೆ, ಬೆನ್ನೆಲುಬು, ಪಕ್ಕೆಲುಬುಗಳೆಲ್ಲ ಆಗುತ್ತವೆ. ಆದರೆ ಕೊರಳೆಲುಬಿಗೂ ನೆತ್ತಿಗೂ ಅರ್ಧ ಅಳತೆ ಸಾಲುವುದಿಲ್ಲ. ಹಾಗಾದರೆ ಹೆಚ್ಚಿಗೆ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆಯೇ? ಕೊಮೊರಿ ಅವರ ತಂಡವೇ ಇದನ್ನೂ ಪರೀಕ್ಷಿಸಿತು. ಆಸ್ಟಿಯೋಬ್ಲಾಸ್ಟುಗಳಲ್ಲಿ ರಂಕ್ಸ್-2 ಅತಿಯಾಗಿ ತಯಾರಾಗುವಂಥ ಇಲಿಗಳ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಆ ಇಲಿಗಳ ಮೂಳೆ ತೆಳುವಾಗಿ, ಹಲವು ಕಡೆ ಮುರಿದಿತ್ತು. ಕೋಶ ಆಸ್ಟಿಯೋಬ್ಲಾಸ್ಟ್ ಆಗಲು ರಂಕ್ಸ್-2 ಬೇಕು. ಆದರೆ ಅದು ಪಕ್ವವಾಗಿ ಗಟ್ಟಿ ಮೂಳೆ ಕಟ್ಟಬೇಕಾದರೆ ರಂಕ್ಸ್-2 ಇಳಿಯಬೇಕು. ಇಳಿಯದಿದ್ದರೆ ಕೋಶ ಹರೆಯದಲ್ಲೇ ನಿಂತುಬಿಡುತ್ತದೆ. ಈ ಒಂದು ಜೀನನ್ನು ‘ಮೂಳೆಯ ಜೀನು’ ಎಂದು ಕರೆಯುವ ಬರಹಗಳನ್ನು ಓದಿದಾಗಲೆಲ್ಲ ನನಗೆ ಈ ಮುರಿದ ಮೂಳೆಯ ಇಲಿಗಳು ನೆನಪಾಗುತ್ತವೆ.

ಈಗ ಮೂರನೆಯ ಭಾಗಕ್ಕೆ ಬರುತ್ತೇನೆ. ಇದುವರೆಗೆ ಹೇಳಿದ್ದು ಜೀನೇ ಕೆಟ್ಟುಹೋದ ಕಥೆ. ಜೀನು ಸರಿಯಿದ್ದು, ಅದನ್ನು ಓದಿಸುವ ತಾಣ ಮಾತ್ರ ಹೋದರೆ ಏನಾಗುತ್ತದೆ?

ನೆದರ್ಲೆಂಡ್ಸಿನಲ್ಲಿ ಊರ್ಕ್ ಎಂಬ ಮೀನುಗಾರರ ಊರಿದೆ. 1939ರವರೆಗೆ ಅದು ದ್ವೀಪ. ಸಮುದ್ರವನ್ನು ಹಿಂದಕ್ಕೆ ಸರಿಸಿ ನೆಲ ಪಡೆದಾಗ ಮುಖ್ಯ ಭೂಭಾಗಕ್ಕೆ ಸೇರಿಕೊಂಡಿತು. ಒಳಗೊಳಗೇ ಸಂಬಂಧಗಳು ನಡೆಯುತ್ತಿದ್ದ ಊರು. ಅಲ್ಲಿನ ಕೆಲವರಲ್ಲಿ ಮೂಳೆ ಅತಿಯಾಗಿ ಬೆಳೆಯುವುದನ್ನು ವೈದ್ಯ ಫ್ರಾನ್ಸಿಸ್ ವಾನ್ ಬುಖೆಮ್ 1955ರಲ್ಲಿ ದಾಖಲಿಸಿದರು. ದವಡೆ ದಪ್ಪವಾಗುತ್ತದೆ, ಬುರುಡೆ ದಪ್ಪವಾಗುತ್ತದೆ. ಬುರುಡೆಯ ಕಿಂಡಿಗಳು ಕಿರಿದಾಗಿ, ಅವುಗಳಲ್ಲಿ ಹಾದುಹೋಗುವ ನರಗಳು ಒತ್ತಿಹೋಗುತ್ತವೆ. ಮುಖದ ಪಾರ್ಶ್ವವಾಯು, ಕಿವುಡು ಬರುತ್ತದೆ. ದಕ್ಷಿಣ ಆಫ್ರಿಕಾದ ಡಚ್ ಮೂಲದ ಆಫ್ರಿಕಾನರ್ ಜನರಲ್ಲಿ ಇದೇ ಬಗೆಯ, ಇನ್ನೂ ತೀವ್ರವಾದ ಸ್ಕ್ಲೆರೋಸ್ಟಿಯೋಸಿಸ್ ಎಂಬ ಕಾಯಿಲೆಯಿದೆ. ಅದರಲ್ಲಿ ಬುರುಡೆಯೊಳಗಿನ ಒತ್ತಡ ಏರಿ ಹಠಾತ್ ಸಾವೂ ಸಂಭವಿಸುತ್ತದೆ.

2001ರಲ್ಲಿ ಆಫ್ರಿಕಾನರ್ ಕಾಯಿಲೆಯ ಕಾರಣ ಸಿಕ್ಕಿತು: ಹದಿನೇಳನೆಯ ವರ್ಣತಂತುವಿನ ಮೇಲಿನ ಒಂದು ಜೀನು ಕೆಟ್ಟಿತ್ತು. ಅದು ಬರೆಯುವ ಪ್ರೋಟೀನಿಗೆ ಸ್ಕ್ಲೆರೋಸ್ಟಿನ್ ಎಂದು ಹೆಸರಾಯಿತು. ಊರ್ಕಿನವರಲ್ಲಿ ನೋಡಿದರೆ ಆ ಜೀನು ಅಕ್ಷರ ಅಕ್ಷರವೂ ಸರಿಯಾಗಿತ್ತು. ಸಂಶೋಧಕರು ಹುಡುಕಾಟವನ್ನು ಅಲ್ಲಿಗೆ ಬಿಡಲಿಲ್ಲ. ಮರುವರ್ಷ ಉತ್ತರ ಬಂತು: ಜೀನು ಮುಗಿದು ಸಾವಿರಾರು ಅಕ್ಷರಗಳಾಚೆ, 52,000 ಅಕ್ಷರಗಳ ಒಂದು ತುಂಡು ಡಿಎನ್‌ಎ ಕಾಣೆಯಾಗಿತ್ತು. ಆ ತುಂಡಿನಲ್ಲಿ ಯಾವ ಪ್ರೋಟೀನಿನ ಬರಹವೂ ಇರಲಿಲ್ಲ. ಅದರೊಳಗೆ ಇದ್ದದ್ದು, ವಯಸ್ಕರ ಮೂಳೆಯಲ್ಲಿ ಸ್ಕ್ಲೆರೋಸ್ಟಿನ್ ಜೀನನ್ನು ಓದಿಸುವ ಎನ್‌ಹ್ಯಾನ್ಸರ್ ಎಂಬ ಒಂದು ನಿಯಂತ್ರಣ ತಾಣ ಎಂದು ಗ್ಯಾಬ್ರಿಯೆಲಾ ಲೂಟ್ಸ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನುಗಳನ್ನು ನೇರವಾಗಿ ಬರೆಯುವ ಭಾಗ ಶೇಕಡಾ ಎರಡಕ್ಕಿಂತ ಕಡಿಮೆ. ಉಳಿದದ್ದನ್ನು ಕಸವೆಂದು ಒಟ್ಟಾಗಿ ತಳ್ಳಿಹಾಕುತ್ತಿದ್ದ ಕಾಲವೊಂದಿತ್ತು. ಊರ್ಕಿನ ಮೀನುಗಾರರ ದವಡೆ ಆ ಅವಸರದ ತೀರ್ಮಾನಕ್ಕೆ ಗಟ್ಟಿ ಉತ್ತರ ಕೊಟ್ಟಿತು.

ಸ್ಕ್ಲೆರೋಸ್ಟಿನನ್ನು ತಯಾರಿಸುವವರು ಯಾರು? ಮೂಳೆಯ ಗೋಡೆಯೊಳಗೆ ಹೂತುಹೋದ ಆಸ್ಟಿಯೋಸೈಟುಗಳು. ‘ಕಟ್ಟಿದ್ದು ಸಾಕು’ ಎಂದು ಹೊರಗಿರುವ ಆಸ್ಟಿಯೋಬ್ಲಾಸ್ಟುಗಳಿಗೆ ತಿಳಿಸುವ ಸಂಕೇತ ಅದು. ಸಂಕೇತವೇ ಇಲ್ಲದಿದ್ದರೆ ಕಟ್ಟುವುದು ನಿಲ್ಲುವುದಿಲ್ಲ. ಇಲ್ಲಿಯೂ ಅರ್ಧ ಅಳತೆಯ ಪ್ರಶ್ನೆ ಬರುತ್ತದೆ, ಈ ಸಲ ಶುಭ ಸುದ್ದಿಯಾಗಿ. ಒಂದು ಪ್ರತಿ ಮಾತ್ರ ಕೆಟ್ಟಿರುವ, ಈ ರೋಗಿಗಳ ತಂದೆ ತಾಯಿಯರ ಮೂಳೆ ಸಾಮಾನ್ಯರದಕ್ಕಿಂತ ಸಾಂದ್ರವಾಗಿದ್ದು, ಅವರಿಗೆ ನರಗಳ ತೊಂದರೆ ಇರಲಿಲ್ಲ. ಹಾಗಾದರೆ ವಯಸ್ಸಾದವರಲ್ಲಿ ಸ್ಕ್ಲೆರೋಸ್ಟಿನನ್ನು ಸ್ವಲ್ಪ ಕಾಲ ತಡೆದರೆ ಮೂಳೆ ಸವೆತಕ್ಕೆ ಪರಿಹಾರವಾಗಬಹುದೇ? ಈ ಯೋಚನೆಯಿಂದ ಹುಟ್ಟಿದ ಔಷಧ ರೊಮೊಸೊಜುಮ್ಯಾಬ್. ತಿಂಗಳಿಗೊಮ್ಮೆಯಂತೆ ಹನ್ನೆರಡು ತಿಂಗಳು ಚುಚ್ಚುಮದ್ದು. 2016ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಿಗೆ ಹೋಲಿಸಿದರೆ ಒಂದು ವರ್ಷದಲ್ಲಿ ಬೆನ್ನೆಲುಬಿನ ಹೊಸ ಮುರಿತಗಳು ಶೇಕಡಾ 73ರಷ್ಟು ಕಡಿಮೆಯಾದವು. 2019ರಲ್ಲಿ ಜಪಾನ್ ಮತ್ತು ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದ ಬಗ್ಗೆ ಕಟ್ಟುನಿಟ್ಟಾದ ಎಚ್ಚರಿಕೆಯನ್ನೂ ಅಮೆರಿಕ ಅದರ ಜೊತೆಗಿರಿಸಿತು.

ಔಷಧದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಫ್ಲೋರೈಡ್ ಆಸ್ಟಿಯೋಬ್ಲಾಸ್ಟುಗಳನ್ನು ಚುರುಕುಗೊಳಿಸುತ್ತದೆ ಎಂದು ಬಹಳ ಹಿಂದೆಯೇ ತಿಳಿದಿತ್ತು. ಮೂಳೆ ಸವೆತಕ್ಕೆ ಅದನ್ನೇ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಬಂತು. ಫ್ಲೋರೈಡ್ ಪಡೆದವರ ಬೆನ್ನೆಲುಬಿನ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು. ಬೆನ್ನೆಲುಬಿನ ಮುರಿತಗಳು ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಕೈಕಾಲುಗಳ ಮುರಿತ ಹೆಚ್ಚಿತ್ತು. ಮೂಳೆ ಜಾಸ್ತಿಯಾಯಿತು, ಗುಣ ಕೆಟ್ಟಿತು. ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳವೆಬಾವಿ ಆಳವಾದಷ್ಟೂ ನೀರಿನಲ್ಲಿ ಫ್ಲೋರೈಡ್ ಏರುವ ಊರುಗಳು ಅಲ್ಲಿವೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವೆಂದಾದರೆ ಒಂದೂವರೆಯವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು ಸೆಟೆದುಕೊಳ್ಳುತ್ತದೆ, ಕೀಲುಗಳು ಬಿಗಿಯುತ್ತವೆ. ಎಕ್ಸ್-ರೇಯಲ್ಲಿ ಆ ಮೂಳೆ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ದಟ್ಟತೆಯೇ ಆರೋಗ್ಯವೆಂದು ನಂಬಿದರೆ ಆ ಚಿತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ.

ನಾಲ್ಕನೆಯ ಭಾಗವನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಅದರ ತೀರ್ಪು ಇನ್ನೂ ಬಂದಿಲ್ಲ. ರಂಕ್ಸ್-2ರ ದಾರಿ ತೋರಿಸಿದ ಆಸ್ಟಿಯೋಕ್ಯಾಲ್ಸಿನ್ ಸ್ವತಃ ಏನು ಮಾಡುತ್ತದೆ? ಕಾರ್ಸೆಂಟಿ ಅವರು ಅದಿಲ್ಲದ ಇಲಿಯನ್ನು 1996ರಲ್ಲಿ ವಿವರಿಸಿದ್ದರು. 2007ರಲ್ಲಿ ಅವರ ತಂಡ ಇನ್ನೂ ದೊಡ್ಡ ಮಾತು ಹೇಳಿತು: ಆಸ್ಟಿಯೋಕ್ಯಾಲ್ಸಿನ್ ಮೂಳೆಯಿಂದ ರಕ್ತಕ್ಕೆ ಸೇರಿ, ಮೇದೋಜೀರಕ ಗ್ರಂಥಿಯನ್ನು ಮುಟ್ಟಿ, ಇನ್ಸುಲಿನ್ ಸ್ರವಿಕೆಯನ್ನೂ ಸಕ್ಕರೆಯ ಬಳಕೆಯನ್ನೂ ನಿಯಂತ್ರಿಸುತ್ತದೆ. ಅಂದರೆ ಮೂಳೆಯೂ ಒಂದು ಹಾರ್ಮೋನ್ ಗ್ರಂಥಿ. 2011ರಲ್ಲಿ ಗಂಡು ಹಾರ್ಮೋನಿನ ಉತ್ಪಾದನೆಗೂ ಇದರ ನಂಟಿದೆ ಎಂದು ಅದೇ ತಂಡ ವರದಿ ಮಾಡಿತು. ಈ ವಿಚಾರ ನನ್ನಂಥ ಅನೇಕರನ್ನು ಸೆಳೆಯಿತು. ಆದರೆ 2020ರಲ್ಲಿ ಅಮೆರಿಕ ಮತ್ತು ಜಪಾನಿನ ಎರಡು ತಂಡಗಳು ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ಹೊಸದಾಗಿ ಸೃಷ್ಟಿಸಿ ನೋಡಿದಾಗ ಅವುಗಳ ಸಕ್ಕರೆಯೂ ಸರಿಯಿತ್ತು, ಸಂತಾನಶಕ್ತಿಯೂ ಸರಿಯಿತ್ತು. ಜಪಾನಿನ ಆ ತಂಡ ಕೊಮೊರಿ ಅವರದೇ. ಅವರ ಪ್ರಕಾರ ಆಸ್ಟಿಯೋಕ್ಯಾಲ್ಸಿನ್ ಮಾಡುವ ಕೆಲಸ ಮೂಳೆಯೊಳಗೇ ಇದೆ: ಖನಿಜದ ಹರಳುಗಳನ್ನು ಕೊಲಾಜೆನ್ ನಾರಿನ ಉದ್ದಕ್ಕೆ ಸಾಲಾಗಿ ಕೂರಿಸುವುದು.

ಇಂಥದೇ ಇನ್ನೊಂದು ವಿವಾದದಲ್ಲಿ ಬೆಂಗಳೂರಿನ ನಂಟೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ, ಆಮೇಲೆ ಕಾರ್ಸೆಂಟಿ ಅವರ ಪ್ರಯೋಗಾಲಯಕ್ಕೆ ಹೋದ ವಿಜಯ್ ಯಾದವ್ ಮತ್ತು ಸಂಗಡಿಗರು, ಕರುಳಿನಲ್ಲಿ ತಯಾರಾಗುವ ಸೆರೋಟೋನಿನ್ ಮೂಳೆ ಕಟ್ಟುವುದನ್ನು ತಗ್ಗಿಸುತ್ತದೆ ಎಂದು 2008ರಲ್ಲಿ ಪ್ರತಿಪಾದಿಸಿದರು. ಎಲ್‌ಆರ್‌ಪಿ-5 ಎಂಬ ಜೀನು ಮೂಳೆಯ ಮೇಲೆ ಪರಿಣಾಮ ಬೀರುವುದು ಕರುಳಿನ ಮೂಲಕ ಎಂಬುದು ಅವರ ವಾದ. ಮ್ಯಾಥ್ಯೂ ವಾರ್ಮನ್ ಮತ್ತಿತರರು 2011ರಲ್ಲಿ ಇದನ್ನು ಒಪ್ಪದೆ, ಆ ಜೀನು ನೇರವಾಗಿ ಮೂಳೆಯ ಕೋಶದೊಳಗೇ ಕೆಲಸ ಮಾಡುತ್ತದೆ ಎಂದು ತಮ್ಮ ಇಲಿಗಳಿಂದ ತೋರಿಸಿದರು. ವಿದ್ಯಾರ್ಥಿಗಳಿಗೆ ನನ್ನ ವಿನಂತಿ: ಎರಡೂ ಕಡೆಯ ಮೂಲ ಪ್ರಬಂಧಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ಯಾವ ಜೀನನ್ನು, ಯಾವ ವಿಧಾನದಿಂದ, ಯಾವ ತಳಿಯ ಇಲಿಯಲ್ಲಿ ತೆಗೆದರು ಎಂಬ ವಿವರಗಳಲ್ಲಿ ಪಠ್ಯಪುಸ್ತಕದಿಂದ ಸಿಗದ ಶಿಕ್ಷಣವಿದೆ. ಪ್ರಸಿದ್ಧ ಪ್ರಯೋಗಾಲಯದ ಮಾತನ್ನು ಇನ್ನೊಂದು ಪ್ರಯೋಗಾಲಯ ಮರುಪರೀಕ್ಷಿಸುವುದು ಅಗೌರವವಲ್ಲ. ರಂಕ್ಸ್-2ರ ಮೇಲೆ ಇಂದು ನಮಗಿರುವ ಭರವಸೆ ನಾಲ್ಕು ತಂಡಗಳು ನಾಲ್ಕು ದಿಕ್ಕಿನಿಂದ ಅಲ್ಲಿಗೆ ಬಂದು ಸೇರಿದ್ದರಿಂದ ಹುಟ್ಟಿದ್ದು.

ಕೊನೆಯದಾಗಿ ನಮ್ಮ ನೆಲಕ್ಕೆ ಬರುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿಯಿದೆ. 1970ರ ದಶಕದಲ್ಲಿ ಅಲ್ಲಿನ ಮತ್ತು ಸುತ್ತಲ ಹಳ್ಳಿಗಳ ದಲಿತ ಕೂಲಿಕಾರ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು, ನಡೆಯಲಾಗದೆ ಕುಸಿಯುವ ಕಾಯಿಲೆ ವೈದ್ಯರ ಗಮನಕ್ಕೆ ಬಂತು. ಕೆಲವರು ಎತ್ತರದಲ್ಲೂ ಬೆಳೆಯಲಿಲ್ಲ. ಗದ್ದೆಯ ಏಡಿ ಮೀನು ತಿಂದವರಿಗೆ ಕೀಟನಾಶಕದಿಂದ ಬಂದಿರಬಹುದೆಂಬ ಶಂಕೆ ಮೊದಲು ಎದ್ದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳು ವಂಶವೃಕ್ಷಗಳನ್ನು ಬಿಡಿಸಿ ನೋಡಿ, ಇದು ಮೂಳೆ ಮತ್ತು ಮೃದ್ವಸ್ಥಿಯ ಬೆಳವಣಿಗೆಯ ವಂಶಪಾರಂಪರ್ಯ ದೋಷವೆಂದೂ, ಜೀನಿನ ಎರಡು ಪ್ರತಿಗಳಲ್ಲಿ ಒಂದು ಬದಲಾದರೂ ಕಾಯಿಲೆ ಕಾಣಿಸಿಕೊಳ್ಳುವ ಬಗೆಯದೆಂದೂ ತಿಳಿಸಿದವು.

ಕೇಪ್‌ಟೌನಿನ ಕುಟುಂಬ, ಊರ್ಕಿನ ಮೀನುಗಾರರು, ಆಫ್ರಿಕಾನರ್ ಮನೆತನಗಳು: ನಾನು ಇಂದು ಹೇಳಿದ ವಿಜ್ಞಾನದ ಬಹುಭಾಗ ಇಂಥ ಜನ ತಮ್ಮ ರಕ್ತದ ಮಾದರಿಯನ್ನೂ ಮನೆತನದ ನೋವನ್ನೂ ಸಂಶೋಧಕರ ಮುಂದೆ ತೆರೆದಿಟ್ಟಿದ್ದರಿಂದ ಸಾಧ್ಯವಾದದ್ದು. ಹಂದಿಗೋಡಿನ ಜನರೂ ರಕ್ತ ಕೊಟ್ಟಿದ್ದಾರೆ, ಎಕ್ಸ್-ರೇಗೆ ನಿಂತಿದ್ದಾರೆ, ಬಂದವರ ಪ್ರಶ್ನೆಗಳಿಗೆಲ್ಲ ಉತ್ತರಿಸಿದ್ದಾರೆ. ಅವರಿಗೆ ಸಲ್ಲಬೇಕಾದದ್ದು ಎರಡು. ಒಂದು, ಈಗಲೇ ಕೊಡಬಹುದಾದದ್ದು: ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ನೋವಿನ ಔಷಧ, ನಿಯಮಿತ ಪಿಂಚಣಿ, ನಡೆಯಲಾಗದವರ ಮನೆ ಬಾಗಿಲಿಗೇ ಬರುವ ವೈದ್ಯರು. ಇದಕ್ಕೆ ಜೀನಿನ ಶೋಧವನ್ನು ಕಾಯಬೇಕಾಗಿಲ್ಲ. ಎರಡನೆಯದು, ಇಡೀ ಡಿಎನ್‌ಎಯನ್ನು ಓದುವ ಇಂದಿನ ವಿಧಾನಗಳನ್ನು ಅವರ ಒಪ್ಪಿಗೆಯೊಂದಿಗೆ ಬಳಸಿ, ಫಲಿತಾಂಶವನ್ನು ಅವರಿಗೆ ಅವರದೇ ಮಾತಿನಲ್ಲಿ ತಿಳಿಸುವ ಕೆಲಸ. ಹಾಗೆ ಓದುವಾಗ ಪ್ರೋಟೀನುಗಳನ್ನು ಬರೆಯುವ ಎರಡು ಶೇಕಡಾ ಭಾಗಕ್ಕೆ ನಿಲ್ಲಬಾರದು; ಊರ್ಕಿನಲ್ಲಿ ಕಾಣೆಯಾದ ತುಂಡು ಇದ್ದದ್ದು ಅದರ ಹೊರಗೆ.

ಈ ಸಭೆಯಲ್ಲಿ ಮಲೆನಾಡಿನಿಂದ ಬಂದ ವಿದ್ಯಾರ್ಥಿಗಳಿದ್ದೀರಿ, ಜೀವವಿಜ್ಞಾನ ಓದುತ್ತಿದ್ದೀರಿ. ಪದವಿ ಮುಗಿದ ಮೇಲೆ ಯಾವ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು ಎಂದು ನನ್ನನ್ನು ಕೇಳುವವರಿಗೆ ನಾನು ಹಂದಿಗೋಡಿನ ಕಾಯಿಲೆಯ ಹಿಂದಿರುವ ಜೀನು ಯಾವುದು ಎಂಬ ಪ್ರಶ್ನೆಯನ್ನು ಕೊಡುತ್ತೇನೆ. ಆ ಊರುಗಳ ಮಾತು ನಿಮಗೆ ಬರುತ್ತದೆ. ಆ ಮನೆಗಳ ಜಗುಲಿಯಲ್ಲಿ ಕುಳಿತು ವಂಶವೃಕ್ಷ ಬರೆದುಕೊಳ್ಳುವ ಕೆಲಸವನ್ನು ದೂರದಿಂದ ಬರುವವರಿಗಿಂತ ನೀವು ಚೆನ್ನಾಗಿ ಮಾಡಬಲ್ಲಿರಿ. ಬೇಕಾದ ಓದಿನ ವಿಷಯದಲ್ಲಿ ನನ್ನಿಂದಾಗುವ ನೆರವು ನಿಮಗೆ ಯಾವಾಗಲೂ ಇದೆ.